ಅಜ್ಜಿಗೂ ನನಗೂ ಒಂದೇ ಮಾತ್ರೆ

ನಾನು ಮಾಲೂರು ಕಡೆಯವಳು. ಮದುವೆಯಾಗಿ ದೇವರಾಯಸಮುದ್ರದ ಕೆರೆಯಿಂದ ಸ್ವಲ್ಪ ಆಚೆಗಿರುವ ಹಳ್ಳಿಗೆ ಬಂದದ್ದು ಎಂಬತ್ತರ ದಶಕದ ಶುರುವಿನಲ್ಲಿ. ಆ ಮನೆಯಲ್ಲಿ ಹೊಸಿಲು ದಾಟಿದ ಕೂಡಲೇ ನನ್ನ ಕಣ್ಣಿಗೆ ಬಿದ್ದವರು ಗಂಡನ ಅಜ್ಜಿ. ನಡುಮನೆಯ ಕಂಬಕ್ಕೆ ಬೆನ್ನು ಕೊಟ್ಟು, ಕಾಲು ನೀಡಿಕೊಂಡು ಕೂತಿದ್ದರು. ಆರತಿ ತಟ್ಟೆ ಹಿಡಿದ ಹೆಂಗಸರೆಲ್ಲ ಸಡಗರದಿಂದ ಓಡಾಡುತ್ತಿದ್ದರೆ ಅವರು ಕೂತಲ್ಲಿಂದಲೇ ಕೈಯೆತ್ತಿ ಹರಸಿದರು. ಎತ್ತಿದ ಕೈ ಇಳಿಸುವಷ್ಟರಲ್ಲೇ ಅವರಿಗೆ ಏದುಸಿರು ಬಂದಿತ್ತು.

ಅಜ್ಜಿಯ ತವರು ನಂಗಲಿಯ ಆಚೆ, ಆಂಧ್ರದ ಗಡಿಯಲ್ಲಿ. ಮಾತು ಕನ್ನಡವೇ ಆದರೂ ಸಿಟ್ಟು ಬಂದರೆ, ಗಾಬರಿಯಾದರೆ, ತುಂಬಾ ಖುಷಿಯಾದರೆ ತೆಲುಗು ಹೊರಡುತ್ತಿತ್ತು. ನಾನು ಹೋದ ಹೊಸದರಲ್ಲಿ ಅವರ ಬಾಯಿಂದ ತೆಲುಗು ಬಂದದ್ದು ನಾನು ಕೇಳಲೇ ಇಲ್ಲ. ಸಿಟ್ಟು ಮಾಡುವುದಕ್ಕೂ ಅವರಿಗೆ ಶಕ್ತಿ ಇರಲಿಲ್ಲ. ಹಿತ್ತಿಲಿಗೆ ಹೋಗಬೇಕಾದರೆ ನಡುವೆ ನೀರಿನ ತೊಟ್ಟಿ ಹಿಡಿದು ನಿಂತು ಸುಧಾರಿಸಿಕೊಳ್ಳುತ್ತಿದ್ದರು.

"ಇವರನ್ನ ನೀನು ಈಗ ನೋಡ್ತಿದೀಯ. ನಾನು ಮದುವೆಯಾಗಿ ಬಂದಾಗ ನೋಡ್ಬೇಕಿತ್ತು," ಎಂದು ನನ್ನ ಅತ್ತೆ ರೊಟ್ಟಿ ತಟ್ಟುತ್ತಾ ಹೇಳುತ್ತಿದ್ದರು. "ರೇಷ್ಮೆ ಹುಳಕ್ಕೆ ಹಿಪ್ಪುನೇರಳೆ ಸೊಪ್ಪಿನ ಹೊರೆ ತಲೆ ಮೇಲಿಟ್ಕೊಂಡು ಬಂದ್ರೆ ನಾವು ಹಿಂದೆ ಓಡ್ಬೇಕು. ಮಾವ ಹೋದ್ಮೇಲೆ ಹಿಂಗಾಗೋದ್ರು. ವಯಸ್ಸೂ ಆಯ್ತಲ್ಲ."

ವಯಸ್ಸಾಯ್ತು. ಮನೆಯವರೂ ಅದನ್ನೇ ಹೇಳುತ್ತಿದ್ದರು, ಬಂದವರೂ ಅದನ್ನೇ ಹೇಳುತ್ತಿದ್ದರು, ಅಜ್ಜಿಯೂ ಅದನ್ನೇ ಹೇಳುತ್ತಿದ್ದರು. ತಾತ ತೀರಿಕೊಂಡ ಮೇಲೆ ಅವರು ರಾತ್ರಿ ಊಟ ಬಿಟ್ಟಿದ್ದರು. ಮೊಟ್ಟೆ ಬಿಟ್ಟಿದ್ದರು, ಮಾಂಸ ಬಿಟ್ಟಿದ್ದರು, ಹಾಲು ಮಕ್ಕಳಿಗಿರಲಿ ಎಂದು ಅದನ್ನೂ ಬಿಟ್ಟಿದ್ದರು. ಬೆಳಿಗ್ಗೆ ಒಂದು ಲೋಟ ಅಂಬಲಿ, ಮಧ್ಯಾಹ್ನ ಅರ್ಧ ಮುದ್ದೆ, ಮಿಕ್ಕ ಹೊತ್ತಿಗೆಲ್ಲ ಕಾಫಿ. ಹಸಿವಾಗುವುದಿಲ್ಲ ಎನ್ನುತ್ತಿದ್ದರು. ಯಾರೂ ಬಲವಂತ ಮಾಡುತ್ತಿರಲಿಲ್ಲ. ಮುದುಕರು ಕಡಿಮೆ ತಿಂದರೆ ಒಳ್ಳೆಯದು ಎಂದೇ ನಮ್ಮೆಲ್ಲರ ತಿಳಿವಳಿಕೆ.

ಮದುವೆಯಾದ ಮಾರನೆಯ ವರ್ಷ ನಾನು ಬಸುರಿಯಾದೆ. ಮುಳಬಾಗಿಲಿನ ಆಸ್ಪತ್ರೆಯಲ್ಲಿ ಒಬ್ಬರು ಡಾಕ್ಟರಮ್ಮ ಇದ್ದರು. ಅವರು ನನ್ನನ್ನು ನೋಡಿ, ಒಂದು ಕಾಗದದ ಪೊಟ್ಟಣದಲ್ಲಿ ಕೆಂಪು ಮಾತ್ರೆ ಕಟ್ಟಿಕೊಟ್ಟರು. ದಿನಾ ಊಟವಾದ ಮೇಲೆ ಒಂದು ನುಂಗಬೇಕು. ನಾನು ನಡುಮನೆಯಲ್ಲಿ ಕೂತು ಪೊಟ್ಟಣ ಬಿಚ್ಚಿದಾಗ ಅಜ್ಜಿ ಕಂಬದ ಹತ್ತಿರದಿಂದ ಕತ್ತು ಚಾಚಿ ನೋಡಿದರು.

"ಏನೇ ಅದು ಕೆಂಪಗೆ? ಪೆಪ್ಪರಮೆಂಟಾ?"

"ಮಾತ್ರೆ ಅಜ್ಜಿ. ಆಸ್ಪತ್ರೇಲಿ ಕೊಟ್ರು."

"ಯಾತಕ್ಕೆ?"

"ಮೈಯಲ್ಲಿ ರಕ್ತ ಆಗಕ್ಕಂತೆ. ಸುಸ್ತಾಗಲ್ವಂತೆ."

 ಅಜ್ಜಿ ಎರಡೂ ಅಂಗೈ ಚಾಚಿ ನನ್ನ ಮುಂದೆ ಹಿಡಿದರು. ಸುಣ್ಣದ ನೀರಿನಲ್ಲಿ ಅದ್ದಿ ತೆಗೆದ ಹಾಗೆ ಬಿಳಿಚಿಕೊಂಡಿದ್ದವು. "ನೀನು ಟೊಮೇಟೊ ಹಣ್ಣಿದ್ದಂಗಿದೀಯ. ನಿಂಗ್ಯಾತಕ್ಕೆ ರಕ್ತದ ಮಾತ್ರೆ? ನೋಡಿಲ್ಲಿ ನನ್ ಕೈಯ. ನಂಗೂ ಒಂದು ಕೊಡೇ."

ಅಡುಗೆಮನೆಯಿಂದ ಅತ್ತೆ ನಕ್ಕರು. "ಈ ವಯಸ್ಸಲ್ಲಿ ನಿಮಗೆ ರಕ್ತ ಯಾತಕ್ಕತ್ತೆ?"

"ಯಾಕೆ, ವಯಸ್ಸಾದೋರ ಮೈಯಲ್ಲಿ ಗಂಜಿ ಹರೀತದಾ?"

ಅತ್ತೆಯ ನಗು ನಿಂತುಹೋಯಿತು. ಅಜ್ಜಿ ಅಷ್ಟು ಜೋರಾಗಿ ಮಾತಾಡಿ ಎಷ್ಟು ಕಾಲವಾಗಿತ್ತೋ! ನನ್ನ ಮಾತ್ರೆ ಅವರಿಗೆ ಕೊಡುವುದಕ್ಕೆ ನನಗೆ ಧೈರ್ಯ ಬರಲಿಲ್ಲ. "ಮುಂದಿನ ಸಲ ನೀವೂ ಬನ್ನಿ ಅಜ್ಜಿ. ಡಾಕ್ಟರಮ್ಮನ್ನೇ ಕೇಳೋಣ," ಎಂದೆ. ಸಮಾಧಾನಕ್ಕೆ ಹೇಳಿದ ಮಾತು ಅದು. ಆದರೆ ಅಜ್ಜಿ ಅದನ್ನು ಗಟ್ಟಿಯಾಗಿ ಹಿಡಿದುಕೊಂಡರು. ನಾನು ಮತ್ತೆ ಆಸ್ಪತ್ರೆಗೆ ಹೊರಡುವ ದಿನ ನಾನು ಏಳುವ ಮೊದಲೇ ತಲೆ ಬಾಚಿಕೊಂಡು, ಪೆಟ್ಟಿಗೆಯಲ್ಲಿದ್ದ ಒಳ್ಳೆಯ ಸೀರೆ ಉಟ್ಟು ಜಗಲಿಯ ಮೇಲೆ ಕೂತಿದ್ದರು.

ರಸ್ತೆಯವರೆಗೆ ನನ್ನ ಮಾವ, ಅಜ್ಜಿಯ ಮಗ, ಗಾಡಿ ಕಟ್ಟಿಕೊಂಡು ಬಂದು ಬಿಟ್ಟರು. ಬಸ್ಸು ಬಂತು. ಹೊಟ್ಟೆ ಹೊತ್ತ ನಾನು ಅಜ್ಜಿಯನ್ನು ಹಿಡಿದಿದ್ದೆನೋ, ಅಜ್ಜಿ ನನ್ನನ್ನು ಹಿಡಿದಿದ್ದರೋ, ಇಬ್ಬರೂ ಒಬ್ಬರ ಮೇಲೊಬ್ಬರು ಭಾರ ಹಾಕಿಕೊಂಡು ಹತ್ತಿದೆವು. ಕಂಡಕ್ಟರು "ಇಬ್ಬರಲ್ಲಿ ಯಾರಮ್ಮಾ ಪೇಷಂಟು?" ಎಂದು ಕೇಳಿದ. ಅಜ್ಜಿ ಎದೆ ಸೆಟೆಸಿ, "ಇಬ್ಬರೂನೂ," ಎಂದರು.

ಡಾಕ್ಟರಮ್ಮ ನನ್ನನ್ನು ನೋಡುವ ಮೊದಲೇ ಅಜ್ಜಿಯನ್ನು ನೋಡಿದರು. ಕೆಳಗಿನ ಕಣ್ಣುರೆಪ್ಪೆ ಎಳೆದು ನೋಡಿದರು. ಉಗುರು ಒತ್ತಿ ನೋಡಿದರು. ಬೆರಳ ತುದಿ ಚುಚ್ಚಿ ಒಂದು ಹನಿ ರಕ್ತ ತೆಗೆಸಿ ಪಕ್ಕದ ಕೋಣೆಗೆ ಕಳಿಸಿದರು.

"ಏನೇನು ತಿಂತೀರಾ ಅಜ್ಜಿ?"

"ಎಲ್ಲಾನೂ ತಿಂತೀನಮ್ಮ."

"ಇಲ್ಲ ಮೇಡಂ," ಎಂದು ನಾನು ಬಾಯಿ ಹಾಕಿ, ಅಂಬಲಿ, ಅರ್ಧ ಮುದ್ದೆ, ಕಾಫಿಯ ವಿಷಯವನ್ನೆಲ್ಲ ಹೇಳಿಬಿಟ್ಟೆ. ಅಜ್ಜಿ ನನ್ನನ್ನು ದುರುಗುಟ್ಟಿಕೊಂಡು ನೋಡಿದರು. ಡಾಕ್ಟರಮ್ಮ ಮಾತ್ರ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ಅಜ್ಜಿಯ ಕೈ ಹಿಡಿದುಕೊಂಡರು.

"ನೋಡಿ ಅಜ್ಜಿ, ನಿಮಗೆ ವಯಸ್ಸಾಗಿರೋದು ನಿಜ. ಆದ್ರೆ ಈ ಸುಸ್ತು, ಈ ಏದುಸಿರು ಇವೆಲ್ಲ ವಯಸ್ಸಿಂದ ಬಂದಿದ್ದಲ್ಲ. ಮೈಯಲ್ಲಿ ರಕ್ತ ಕಮ್ಮಿ ಇದೆ. ಊಟ ಸಾಲ್ತಿಲ್ಲ. ಬರಿಗಾಲಲ್ಲಿ ತೋಟದಲ್ಲಿ ತಿರುಗಿ ಹೊಟ್ಟೇಲಿ ಹುಳುವೂ ಇರಬಹುದು. ಮೊದಲು ಅದಕ್ಕೊಂದು ಔಷಧಿ. ಆಮೇಲೆ ಇವಳು ತಗೊಳೋ ಕೆಂಪು ಮಾತ್ರೇನೇ ನಿಮಗೂ. ಜೊತೆಗೊಂದು ವಿಟಮಿನ್ ಮಾತ್ರೆ. ಆದ್ರೆ ಮಾತ್ರೆ ತಗೊಂಡೆ ಅಂತ ಊಟ ಬಿಡೋ ಹಂಗಿಲ್ಲ. ರಾತ್ರೀನೂ ಉಣ್ಬೇಕು. ಮೊಟ್ಟೆ, ಹಾಲು, ನುಗ್ಗೆ ಸೊಪ್ಪು, ಹುರುಳಿಕಾಳು. ಮಾತ್ರೆ ನುಂಗಿದ ತಕ್ಷಣ ಕಾಫಿ ಕುಡೀಬೇಡಿ. ನಿಂಬೆಹಣ್ಣಿನ ಪಾನಕ ಕುಡೀರಿ."

ಅಜ್ಜಿ ಬೇರೆ ಯಾವುದನ್ನೂ ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕದವರಿಗೆ, ಹಿಂದಿನವರಿಗೆ, ಕೋಳಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಅಪರಿಚಿತ ಹೆಂಗಸಿಗೆ, ಎಲ್ಲರಿಗೂ ಒಂದೇ ಮಾತು. "ಡಾಕ್ಟರಮ್ಮ ಹೇಳಿದ್ರು. ನಂದು ವಯಸ್ಸಲ್ವಂತೆ!"

ಅವತ್ತಿನಿಂದ ನಮ್ಮ ಮನೆಯಲ್ಲಿ ಮಾತ್ರೆ ನುಂಗುವುದು ಒಂದು ಸಂಭ್ರಮದ ಕೆಲಸವಾಯಿತು. ಮಧ್ಯಾಹ್ನ ಊಟವಾದ ಮೇಲೆ ನಾನೂ ಅಜ್ಜಿಯೂ ಎದುರುಬದುರು ಕೂರುತ್ತಿದ್ದೆವು. ಅತ್ತೆ ನಿಂಬೆಹಣ್ಣು ಹಿಂಡಿದ ನೀರು ತಂದಿಡುತ್ತಿದ್ದರು. ಅಜ್ಜಿ ಸೂರ್ಯನ ಕಡೆ ಒಮ್ಮೆ ನೋಡಿ, ಮಾತ್ರೆಯನ್ನು ಕಣ್ಣಿಗೆ ಒತ್ತಿಕೊಂಡು, "ಊಂ, ಹಾಕ್ಕೋ," ಎನ್ನುತ್ತಿದ್ದರು. ಇಬ್ಬರೂ ಒಟ್ಟಿಗೇ ನುಂಗಬೇಕು. ನಾನು ಮೊದಲೇ ನುಂಗಿದರೆ ಸಿಟ್ಟು.

ಮೊಟ್ಟೆಯ ವಿಷಯ ಅಷ್ಟು ಸುಲಭವಾಗಿ ಮುಗಿಯಲಿಲ್ಲ. ಮಾವ ಬೇಯಿಸಿದ ಮೊಟ್ಟೆ ಸುಲಿದು ತಟ್ಟೆಗೆ ಹಾಕಿ ತಂದರೆ ಅಜ್ಜಿ ಮುಖ ತಿರುಗಿಸಿದರು.

"ನಿಮ್ಮಪ್ಪ ಹೋದ್ಮೇಲೆ ಬಿಟ್ಟಿದೀನಪ್ಪ. ನಂಗೆ ಬೇಡ."

ಮಾವ ಅಲ್ಲೇ ನೆಲದ ಮೇಲೆ ಕೂತರು. "ಅಮ್ಮಾ, ಅಪ್ಪ ಬಿಡು ಅಂದಿದ್ರಾ?"

ಅಜ್ಜಿ ತಟ್ಟೆಯ ಕಡೆ ನೋಡಿದರು. "ಅವರೆಲ್ಲಿ ಅಂತಿದ್ರು," ಎಂದರು ಕೊನೆಗೆ. "ಅವರಿದ್ದಿದ್ರೆ ಅವರ ಪಾಲಿನ ಮೊಟ್ಟೇನೂ ನಂಗೇ ಇಕ್ಕೋರು." ಹಾಗೆಂದು ತಟ್ಟೆ ತೆಗೆದುಕೊಂಡರು. ಉಪ್ಪು ಉದುರಿಸಿಕೊಂಡು ನಿಧಾನವಾಗಿ ತಿಂದರು. ಮಾವ ಎದ್ದು ಹೊರಗೆ ಹೋಗಿ ದನದ ಕೊಟ್ಟಿಗೆಯಲ್ಲಿ ಸುಮ್ಮನೆ ನಿಂತಿದ್ದನ್ನು ನಾನು ಕಿಟಕಿಯಿಂದ ಕಂಡೆ.

ಮಾತ್ರೆ ಶುರುಮಾಡಿದ ಸ್ವಲ್ಪ ದಿನಕ್ಕೆ ಒಂದು ಬೆಳಿಗ್ಗೆ ಹಿತ್ತಿಲ ಕಡೆಯಿಂದ ಕೂಗು ಕೇಳಿತು. "ಅಯ್ಯೋ ದೇವುಡಾ! ಚಚ್ಚಿಪೋಯಾನೇ!" ಸತ್ತೆನೇ ಎಂದು ಅಪ್ಪಟ ತೆಲುಗಿನಲ್ಲಿ ಕೂಗುತ್ತಿದ್ದರು. ಅತ್ತೆಯೂ ನಾನೂ ಕೈಯಲ್ಲಿದ್ದದ್ದನ್ನು ಬಿಟ್ಟು ಓಡಿದೆವು. ಅಜ್ಜಿ ಗಾಬರಿಯಿಂದ ನಡುಗುತ್ತಾ ನಿಂತಿದ್ದರು. ಉಚ್ಚೆ ಅರಿಸಿನದ ನೀರಿನ ಹಾಗೆ ಹಳದಿಯಾಗಿದೆ, ಹೊರಕಡೆಗೆ ಹೋದರೆ ಇದ್ದಿಲ ಹಾಗೆ ಕಪ್ಪಗಿದೆ, ಒಳಗೆಲ್ಲ ಏನೋ ಕೊಳೆತುಹೋಗಿದೆ, ಇನ್ನು ತಾನು ಉಳಿಯುವುದಿಲ್ಲ ಎಂದರು. ನನಗೆ ನಗು ತಡೆಯಲಾಗಲಿಲ್ಲ.

"ಅಜ್ಜಿ, ಕೆಂಪು ಮಾತ್ರೆ ತಗೊಂಡ್ರೆ ಕಪ್ಪಗೇ ಹೋಗೋದು. ನಂದೂ ಹಂಗೇ. ಹಳದಿ ವಿಟಮಿನ್ ಮಾತ್ರೇದು. ಡಾಕ್ಟರಮ್ಮ ಹೇಳಿದ್ರಲ್ಲ?"

"ನಂಗೆಲ್ಲೇ ಹೇಳಿದ್ರು?"

"ನೀವು ನಂದು ವಯಸ್ಸಲ್ಲ ಅನ್ನೋದೊಂದೇ ಕೇಳಿಸ್ಕೊಂಡ್ರಿ," ಎಂದೆ. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕರು. ಅಜ್ಜಿಯೂ ಕೊನೆಗೆ ನಗತೊಡಗಿದರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಅಷ್ಟು ನಕ್ಕರೂ ಅವರಿಗೆ ಉಸಿರು ಸಿಕ್ಕಿಕೊಳ್ಳಲಿಲ್ಲ ಎಂಬುದು ನನಗೆ ಆಮೇಲೆ ಹೊಳೆಯಿತು.

ಬದಲಾವಣೆ ಒಂದೇ ಸಲಕ್ಕೆ ಬರಲಿಲ್ಲ. ಮೊದಲು ಹಸಿವು ಬಂತು. "ಸಾರು ಇನ್ನೊಂಚೂರು ಬಿಡೇ," ಎಂದು ಕೇಳುವುದು ಶುರುವಾಯಿತು. ಆಮೇಲೆ ನೀರಿನ ತೊಟ್ಟಿ ಹಿಡಿದು ನಿಲ್ಲುವುದು ತಪ್ಪಿತು. ಆಮೇಲೆ ಜಗಲಿಯಲ್ಲಿ ಕೂತು ಬೀದಿಯಲ್ಲಿ ಹೋಗುವವರನ್ನು ಕರೆದು ಮಾತಾಡಿಸುವುದು, ಮೊರ ತೆಗೆದುಕೊಂಡು ರಾಗಿ ಕೇರುವುದು.

ಒಂದು ದಿನ ಬೆಳಿಗ್ಗೆ ನಾನು ಕಾಫಿ ತೆಗೆದುಕೊಂಡು ಹೋದರೆ ಕಂಬದ ಹತ್ತಿರ ಚಾಪೆ ಮಾತ್ರ ಇತ್ತು. ಜಗಲಿಯಲ್ಲಿಲ್ಲ, ಹಿತ್ತಿಲಲ್ಲಿಲ್ಲ. ಅತ್ತೆ ಪಕ್ಕದ ಮನೆಗಳಲ್ಲಿ ವಿಚಾರಿಸಿದರು. ಮಾವ ಬಾವಿಯ ಕಡೆ ಓಡಿದರು.  ಅಷ್ಟರಲ್ಲಿ ತೋಟದ ಕಡೆಯಿಂದ ಜೋರಾಗಿ ಬೈಯುವ ಸದ್ದು ಕೇಳಿಸಿತು. ಎಲ್ಲರೂ ಅತ್ತ ಓಡಿದೆವು.

ಹಿಪ್ಪುನೇರಳೆ ಸಾಲಿನ ನಡುವೆ ಸೀರೆ ಎತ್ತಿಕಟ್ಟಿ ಅಜ್ಜಿ ನಿಂತಿದ್ದರು. ಮಡಿಲ ತುಂಬಾ ಸೊಪ್ಪು. ಕೊಯ್ಯಲು ಬಂದಿದ್ದ ಹೆಂಗಸರು ತಲೆ ತಗ್ಗಿಸಿ ನಿಂತಿದ್ದರು. ನಮ್ಮನ್ನು ನೋಡಿದ್ದೇ ಅಜ್ಜಿ ಮಗನ ಮೇಲೆ ತಿರುಗಿದರು.

"ಏನ್ಲಾ ಇದು? ಮರಿ ಹುಳಕ್ಕೆ ಈ ಬಲಿತಿರೋ ಎಲೆ ಹಾಕ್ತಾ ಇದೀರಾ? ನಾನು ಕೂತ್ಕೊಂಡಿದ್ದೇ ಕೂತ್ಕೊಂಡಿದ್ದು, ನೀವು ತೋಟಾನೇ ಕೆಡಿಸಿಟ್ಟಿದೀರಲ್ಲೋ! ಕುಡಿ ಎಲೆ ಕೊಯ್ಯಕ್ಕೆ ಯಾರಿಗೂ ಬರಲ್ವಾ?"

ಮಾವ ಹೆಗಲ ಮೇಲಿನ ಟವೆಲ್ಲು ತೆಗೆದು ಮುಖ ಒರೆಸಿಕೊಂಡರು. "ಬೈಯಮ್ಮಾ, ಇನ್ನೂ ಬೈಯಿ," ಎಂದರು.  ನಾನು ಆ ಬದುವಿನ ಮೇಲೆ ನಿಂತು ಚಪ್ಪಾಳೆ ತಟ್ಟಬೇಕೆನ್ನುವಷ್ಟು ಹಿಗ್ಗಿಹೋಗಿದ್ದೆ. ಹೊಟ್ಟೆಯಲ್ಲಿದ್ದ ಮಗು ಬೇರೆ ಒದೆಯಿತು.

ಊರಿಗೆಲ್ಲ ಸುದ್ದಿ ಹಬ್ಬಲು ಎಷ್ಟು ಹೊತ್ತು? ಸಂಜೆಗೆ ನಮ್ಮ ಜಗಲಿ ಮುದುಕ ಮುದುಕಿಯರಿಂದ ತುಂಬಿಹೋಯಿತು. ಒಬ್ಬರಿಗೆ ಮಂಡಿ ನೋವು, ಒಬ್ಬರಿಗೆ ಕಣ್ಣು ಮಂಜು, ಒಬ್ಬರಿಗೆ ನಿದ್ದೆ ಇಲ್ಲ. ಎಲ್ಲರಿಗೂ ಅಜ್ಜಿಯ ಕೆಂಪು ಮಾತ್ರೆಯೇ ಬೇಕು. ಎದುರು ಮನೆಯ ತಾತ ಮಾತ್ರ ಮೀಸೆ ತಿರುವಿಕೊಂಡು ದೂರ ನಿಂತಿದ್ದರು. ಅವರು ನಂಗಲಿಯಲ್ಲಿ ಲಾರಿಗಳು ನಿಲ್ಲುವ ಕಡೆ ಬಟ್ಟೆ ಹಾಸಿ ಕೂರುವವನೊಬ್ಬನ ಹತ್ತಿರ ಟಾನಿಕ್ಕು ತರುತ್ತಿದ್ದರು. ಕಪ್ಪು ಬಾಟಲಿ, ಮುಚ್ಚಳ ತೆಗೆದರೆ ಘಾಟು. ಕುಡಿದರೆ ಮುದುಕರಿಗೆ ಯೌವನ ಬರುತ್ತದೆ ಎಂದು ಅವನು ಹೇಳಿದ್ದನಂತೆ.

"ನಿನ್ ಮಾತ್ರೆ ಏನು ಮಹಾ," ಎಂದರು ತಾತ. "ನನ್ ಟಾನಿಕ್ ಕುಡಿದು ನೋಡು. ಜೇನುತುಪ್ಪ ಇದ್ದಂಗಿದೆ."

"ಕುಡಿದು ನಿಂಗೇನಾಗಿದೆ? ಇನ್ನೂ ಸೊರಗ್ತಾ ಇದೀಯಲ್ಲ," ಎಂದರು ಅಜ್ಜಿ. ಅವರಿಬ್ಬರದು ಎಳೆಯ ವಯಸ್ಸಿನಿಂದ ಇದೇ ಜಗಳವಂತೆ.

ಯಾರಿಗೂ ಮಾತ್ರೆ ಹಂಚಬಾರದು ಎಂದು ನಾನು ಹಟ ಹಿಡಿದೆ. ಬೇಕಾದವರು ಡಾಕ್ಟರಮ್ಮನ ಹತ್ತಿರ ಬನ್ನಿ ಎಂದೆ. ಬರುವುದಿಲ್ಲ ಎಂದುಕೊಂಡಿದ್ದೆ. ನನ್ನ ಮುಂದಿನ ತಪಾಸಣೆಯ ದಿನ ರಸ್ತೆಯಲ್ಲಿ ನೋಡುತ್ತೇನೆ, ಅರ್ಧ ಊರು ನಿಂತಿದೆ! ಎಲ್ಲರೂ ಒಗೆದ ಬಟ್ಟೆ ಹಾಕಿಕೊಂಡು, ಎಲೆಯಡಿಕೆ ಸಂಚಿ ಸಿಕ್ಕಿಸಿಕೊಂಡು, ದಿಬ್ಬಣಕ್ಕೆ ಹೊರಟವರ ಹಾಗಿದ್ದರು. ಟಾನಿಕ್ಕಿನ ತಾತನೂ ಬಾಟಲಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದಿದ್ದರು. ಅದರ ಮಹಿಮೆಯನ್ನು ಡಾಕ್ಟರಮ್ಮನಿಗೇ ತೋರಿಸಬೇಕಂತೆ. ಬಸ್ಸಿನಲ್ಲಿ ಮುಳಬಾಗಿಲು ಬರುವವರೆಗೂ ಬಾಯಿ ಮುಚ್ಚಿದವರೇ ಇಲ್ಲ. ಅಜ್ಜಿ ಮುಂದಿನ ಸೀಟಿನಲ್ಲಿ ಹಿಂದಕ್ಕೆ ತಿರುಗಿ ಕೂತು, ಆಸ್ಪತ್ರೆಯಲ್ಲಿ ಹೇಗಿರಬೇಕು, ಚುಚ್ಚಿದರೆ ಕಿರುಚಬಾರದು ಎಂದೆಲ್ಲ ಹೇಳಿಕೊಡುತ್ತಿದ್ದರು.

ಡಾಕ್ಟರಮ್ಮ ಬಾಗಿಲಲ್ಲಿ ನಿಂತು ಬೆರಗಾಗಿ ನೋಡಿದರು. "ಏನಜ್ಜಿ, ಊರನ್ನೇ ಕರ್ಕೊಂಡ್ ಬಂದ್ರಾ?"

"ನನ್ನ ನೋಡಿ ಬಂದವ್ರೆ," ಎಂದರು ಅಜ್ಜಿ. ಬಾಗಿಲವರೆಗೂ ಒಂದು ಸುತ್ತು ಬಿರಬಿರನೆ ನಡೆದೂ ತೋರಿಸಿದರು. ಡಾಕ್ಟರಮ್ಮ ನಕ್ಕು ಅವರ ಬೆನ್ನು ತಟ್ಟಿದರು.

ಮಧ್ಯಾಹ್ನದವರೆಗೂ ಒಬ್ಬೊಬ್ಬರನ್ನೇ ಕರೆದು ನೋಡಿದರು. ಎಲ್ಲರಿಗೂ ಒಂದೇ ಮಾತ್ರೆ ಸಿಗಲಿಲ್ಲ. ಕೆಲವರಿಗೆ ಕೆಂಪು ಮಾತ್ರೆ ಬರೆದರು. ಮೂಳೆ ನೋವು ಎಂದವರೊಬ್ಬರಿಗೆ ಸುಣ್ಣದಂಶದ ಬಿಳಿ ಮಾತ್ರೆ. ಒಬ್ಬರಿಗೆ ಬೇಕಾದದ್ದು ಕನ್ನಡಕ ಮಾತ್ರ. ಇನ್ನೊಬ್ಬ ಮುದುಕಿಗೆ ಏನೂ ಕೊರತೆ ಇಲ್ಲ, ಮುದ್ದೆ ಸೊಪ್ಪು ಉಂಡುಕೊಂಡು ಓಡಾಡಿಕೊಂಡಿದ್ದರೆ ಸಾಕು ಎಂದರು. ಆಕೆಗೆ ಬೇಜಾರೋ ಬೇಜಾರು. ಇಷ್ಟು ದೂರ ಬಂದು ಬರಿಗೈಯಲ್ಲಿ ಹೋಗುವುದೇ ಎಂದು ಗೊಣಗುತ್ತಿದ್ದರು.

ಕೊನೆಗೆ ತಾತನ ಸರದಿ. ಬಾಟಲಿ ತೆಗೆದು ಮೇಜಿನ ಮೇಲಿಟ್ಟರು. ಡಾಕ್ಟರಮ್ಮ ಮೂಸಿ ನೋಡಿ, ಬೆರಳಿಗೆ ಒಂದು ಹನಿ ಹಾಕಿಕೊಂಡು ಅಂಟು ನೋಡಿ, ಪಕ್ಕಕ್ಕಿಟ್ಟರು. "ತಾತ, ಬಾಯಾರಿಕೆ ಜಾಸ್ತಿನಾ? ಮತ್ತೆ ಮತ್ತೆ ಒಂದಕ್ಕೆ ಹೋಗ್ಬೇಕು ಅನ್ಸುತ್ತಾ?" ತಾತ ಹೌದೆಂದರು. "ಕಾಲು ತೋರ್ಸಿ." ಹೆಬ್ಬೆರಳ ಹತ್ತಿರ ಒಂದು ಗಾಯ, ಬಹಳ ದಿನದ್ದು, ಮಾಯದೇ ಉಳಿದಿತ್ತು. ಡಾಕ್ಟರಮ್ಮನ ಮುಖದ ನಗು ಹೋಯಿತು. ಮೂತ್ರ ಹಿಡಿದು ತರಲು ಹೇಳಿದರು.

ಪಕ್ಕದ ಕೋಣೆಯಲ್ಲಿ ಒಂದು ಗಾಜಿನ ಕೊಳವೆಯಲ್ಲಿ ನೀಲಿ ನೀರು ಹಾಕಿ, ಅದಕ್ಕೆ ಒಂದಿಷ್ಟು ಹನಿ ಸೇರಿಸಿ, ಸ್ಪಿರಿಟ್ ದೀಪದ ಮೇಲೆ ಕಾಯಿಸಿದರು. ನಾವೆಲ್ಲ ಬಾಗಿಲಲ್ಲಿ ಕತ್ತು ತೂರಿಸಿ ನೋಡುತ್ತಿದ್ದೆವು. ನೀಲಿ ಬಣ್ಣ ಮೊದಲು ಹಸಿರಾಯಿತು, ಆಮೇಲೆ ಹಳದಿ, ನೋಡನೋಡುತ್ತಿದ್ದ ಹಾಗೆ ಇಟ್ಟಿಗೆ ಬಣ್ಣಕ್ಕೆ ತಿರುಗಿತು.

"ಸಕ್ಕರೆ ಕಾಯಿಲೆ ತಾತ. ಈ ಟಾನಿಕ್ ಬರೀ ಬೆಲ್ಲದ ಪಾಕ, ಜೊತೆಗೆ ಸಾರಾಯಿ ವಾಸನೆ. ಇದನ್ನ ಶಕ್ತಿ ಬರತ್ತೆ ಅಂತ ಕುಡೀತಿದ್ರೆ ಕಾಲನ್ನೇ ಕಳ್ಕೋತಿದ್ರಿ."

 ತಾತ ಬಾಟಲಿಯನ್ನೇ ನೋಡುತ್ತಾ ನಿಂತಿದ್ದರು. ಅಜ್ಜಿ ಈಗ ಅಣಕಿಸುತ್ತಾರೆ ಎಂದುಕೊಂಡೆ. ಅವರು ಹೋಗಿ ತಾತನ ತೋಳು ಹಿಡಿದುಕೊಂಡರು. "ಬಂದಿದ್ದು ಒಳ್ಳೇದಾಯ್ತು ಬಿಡೋ," ಎಂದರು. "ಕಾಲು ಇನ್ನೂ ಅಲ್ಲೇ ಇದೆಯಲ್ಲ. ಡಾಕ್ಟರಮ್ಮ ಹೇಳ್ದಂಗೆ ಕೇಳು."

ತಾತ ಕೇಳಿದರು. ಕೇಳದೇ ಬಿಡುವ ಹಾಗೂ ಇರಲಿಲ್ಲ. ಬೆಳಿಗ್ಗೆ ಅವರ ಮನೆಯಲ್ಲಿ ಕಾಫಿಗೆ ಬೆಲ್ಲ ಬಿದ್ದಿದೆಯೇ ಎಂದು ಅಜ್ಜಿಯೇ ಬೀದಿ ದಾಟಿ ಹೋಗಿ ವಿಚಾರಿಸುತ್ತಿದ್ದರು. ಮಾತ್ರೆ, ಪಥ್ಯ, ಸಂಜೆ ಕೆರೆ ಏರಿಯ ಮೇಲೆ ನಡಿಗೆ. ಮಳೆಗಾಲದ ಹೊತ್ತಿಗೆ ಗಾಯ ಒಣಗಿ ಹೊಸ ಚರ್ಮ ಬಂತು. ಅವತ್ತು ತಾತ ಚಪ್ಪಲಿ ಬಿಚ್ಚಿ ಎಲ್ಲರಿಗೂ ಕಾಲು ತೋರಿಸುತ್ತಾ ಓಡಾಡಿದರಂತೆ. ನಾನು ನೋಡಲಿಲ್ಲ. ಅಷ್ಟರಲ್ಲಿ ಹೆರಿಗೆಗೆ ಮಾಲೂರಿಗೆ ಬಂದಿದ್ದೆ.

ಮಾವಿನ ಹಣ್ಣಿನ ಕಾಲ ಮುಗಿಯುತ್ತಾ ಬಂದಿದ್ದಾಗ ನನಗೆ ಹೆಣ್ಣುಮಗು ಹುಟ್ಟಿತು. ಗಂಡನೂ ಅತ್ತೆ ಮಾವನೂ ಬಂದು ನೋಡಿಕೊಂಡು ಹೋದರು. ಅಜ್ಜಿಯನ್ನು ಕರೆತರಲಿಲ್ಲ. ಅಷ್ಟು ದೂರದ ದಾರಿ, ರಸ್ತೆಗೆ ಬಂದು ಬಸ್ಸು ಹತ್ತಬೇಕು, ಕೋಲಾರದಲ್ಲಿ ಇಳಿದು ಬೇರೆ ಬಸ್ಸು ಹಿಡಿಯಬೇಕು, ಆಯಾಸವಾದೀತೆಂದು ಹೆದರಿದ್ದರು. ನನಗೆ ಅದು ಮನಸ್ಸಿಗೆ ಚುಚ್ಚಿತ್ತು. ಒಟ್ಟಿಗೆ ಮಾತ್ರೆ ನುಂಗಿದವರು ನಾವು.

ಅವರೆಲ್ಲ ಹೋದ ಕೆಲವು ದಿನಕ್ಕೆ, ಬಿಸಿಲೇರುವ ಹೊತ್ತು, ನಾನು ಕೋಣೆಯಲ್ಲಿ ಮಗುವಿಗೆ ಹಾಲು ಕೊಡುತ್ತಿದ್ದೆ. ಹೊರಗೆ ನನ್ನಮ್ಮ ಯಾರನ್ನೋ ಗಾಬರಿಯಿಂದ ಮಾತಾಡಿಸುವುದು ಕೇಳಿಸಿತು. "ಅಯ್ಯೋ, ಒಬ್ಬರೇ ಬಂದ್ರಾ? ಯಾರೂ ಇಲ್ವಾ ಜೊತೇಲಿ?"

"ಯಾರ್ಯಾಕೆ? ನಂಗೇನು ದಾರಿ ಗೊತ್ತಿಲ್ವಾ?"

ಆ ದನಿ! ನಾನು ಮಗುವನ್ನು ಎತ್ತಿಕೊಂಡು ಬಾಣಂತಿ ಎನ್ನುವುದನ್ನೂ ಮರೆತು ಬಾಗಿಲಿಗೆ ಓಡಿದೆ. ತಲೆಯ ಮೇಲೆ ಬುಟ್ಟಿ ಹೊತ್ತು ಅಜ್ಜಿ ಅಂಗಳದಲ್ಲಿ ನಿಂತಿದ್ದರು. ಬೆವರಿನಿಂದ ಮುಖ ಹೊಳೆಯುತ್ತಿತ್ತು. ಬುಟ್ಟಿ ಇಳಿಸಿದ್ದೇ ತಡ, ಶುರುವಾಯಿತು ಅವರ ಪ್ರವಾಸದ ಕಥೆ. ಮನೆಯಲ್ಲಿ ಹೇಳಿದರೆ ಬಿಡುವುದಿಲ್ಲ ಎಂದು ಎದುರು ಮನೆಯ ತಾತನಿಗೆ ಮಾತ್ರ ಹೇಳಿ ಹೊರಟದ್ದು. ಬೆಳಗಿನ ಬಸ್ಸಿನಲ್ಲಿ ನಿಂತುಕೊಂಡೇ ಬಂದದ್ದು. ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ಶ್ರೀನಿವಾಸಪುರದ ಮಾವಿನ ಹಣ್ಣು ಮಾರುವವಳ ಹತ್ತಿರ ಚೌಕಾಸಿ ಮಾಡುತ್ತಾ ಮಾಲೂರಿನ ಬಸ್ಸು ತಪ್ಪಿಹೋದದ್ದು. ತಪ್ಪಿದರೆ ತಪ್ಪಲಿ ಎಂದು ಅಲ್ಲೇ ಕೂತು ಒಂದು ಹಣ್ಣು ತಿಂದದ್ದು.

"ನರಸಾಪುರದ ಹತ್ರ ಬಸ್ಸು ನಿಂತೇ ಹೋಯ್ತು ಕಣೇ. ಗಂಡಸರೆಲ್ಲ ಇಳಿದು ತಳ್ಳಿದ್ರು. ನಾನೂ ಇಳಿದೆ."

"ನೀವ್ಯಾಕೆ ಇಳಿದ್ರಿ ಅಜ್ಜಿ?"

"ನಾನೂ ಒಂದ್ ಕೈ ಹಾಕ್ದೆ," ಎಂದರು, ಅದೇನು ದೊಡ್ಡ ವಿಷಯವಲ್ಲ ಎಂಬ ಹಾಗೆ. "ಮುಂದಕ್ಕೆ ಹೋಯ್ತು."

ನನ್ನಮ್ಮ ಬಿಸಿನೀರು ಕೊಟ್ಟರು. ಅಜ್ಜಿ ಕೈಕಾಲು ತೊಳೆದುಕೊಂಡು ಬಂದು, ಕಾಲು ನೀಡಿ ಕೂತು, ಮಗುವನ್ನು ಕೊಡು ಎಂದು ಕೈ ಚಾಚಿದರು. ಕಾಲಿನ ಮೇಲೆ ಮಲಗಿಸಿಕೊಂಡು ನೆತ್ತಿಯಿಂದ ಪಾದದವರೆಗೆ ಸವರಿ ನೋಡಿದರು. ಮೂಗು ತಮ್ಮದೇ ಎಂದರು. ಹರಳೆಣ್ಣೆ ಕೇಳಿ ತರಿಸಿಕೊಂಡು, ಬಾಗಿಲ ಬೆಳಕಿಗೆ ಸರಿದು ಕೂತು, ತೆಲುಗಿನಲ್ಲಿ ಏನೇನೋ ಲಲ್ಲೆ ಮಾತಾಡುತ್ತಾ ಎಣ್ಣೆ ಉಜ್ಜತೊಡಗಿದರು. ನಾನು ಪಕ್ಕದಲ್ಲೇ ಗೋಡೆಗೆ ಒರಗಿ ಕೂತೆ. ಅವರು ಬಂದ ಸಂಭ್ರಮಕ್ಕೆ ಬುಟ್ಟಿಯಲ್ಲಿ ಏನಿದೆ ಎಂದೂ ನಾವು ಬಿಚ್ಚಿ ನೋಡಿರಲಿಲ್ಲ.

"ಎಷ್ಟು ದಿನ ಇರ್ತೀರಾ ಅಜ್ಜಿ?" ಎಂದೆ.

"ಹುಳ ಹಣ್ಣಾಗಿ ಗೂಡು ಕಟ್ಟೋ ಹೊತ್ತು, ನಾಳಿದ್ದೇ ಹೋಗ್ಬೇಕು," ಎಂದರು ಅಜ್ಜಿ. "ನಾನಿಲ್ದಿದ್ರೆ ಅಲ್ಲಿ ಒಬ್ಬರಿಗೂ ಕೈ ಓಡಲ್ಲ."